ನುಗ್ಗೆ ಮರಕ್ಕೆ ಕೊನೆಗೂ ಕಟಿಂಗ್ ಆಯ್ತು

ನಮ್ಮ ಮೈಸೂರು ಮನೆ ಹಿತ್ತಲಲ್ಲಿ ಒಂದು ನುಗ್ಗೆ ಮರ ಇದೆ. ಅಮ್ಮ ಯಾರದೋ ಮನೆಯಿಂದ ಮೊಣಕೈ ಉದ್ದದ ಗೂಟ ತಂದು ನೆಟ್ಟಿದ್ದು, ಹತ್ತು ವರ್ಷದಲ್ಲಿ ಟೆರೇಸ್ ದಾಟಿ ಹೋಗಿತ್ತು. ಕಾಯಿ ಬಿಡ್ತಿತ್ತು, ಇಲ್ಲ ಅಂತಲ್ಲ, ಆದ್ರೆ ಎಲ್ಲಾ ತುತ್ತತುದೀಲಿ. ಎರಡು ದೋಟಿ ಸೇರಿಸಿ ಕಟ್ಟಿ ಎತ್ತಿದ್ರೂ ಎಟುಕ್ತಿರ್ಲಿಲ್ಲ. ಅಲ್ಲೇ ಒಣಗಿ ಬಾಯಿ ಬಿಟ್ಟು, ಮೂರು ರೆಕ್ಕೆ ಇರೋ ಬೀಜ ಹಾರ್ಕೊಂಡು ಬಂದು ಟೆರೇಸ್ ಮೇಲೆ ಬಿದ್ದಿರೋದು. ಮನೇಲಿ ಇಷ್ಟೆತ್ತರ ಮರ ಇಟ್ಕೊಂಡು ಹುಳಿಗೆ ನುಗ್ಗೆಕಾಯಿ ಮಾರ್ಕೆಟ್ಟಿಂದ ತರ್ತಿದ್ವಿ.

ಕಡಿಸೋಣ ಅಂದಾಗೆಲ್ಲ ಅಮ್ಮಂದು ಒಂದೇ ರಾಗ, "ಹೂ ಬಿಟ್ಟಿದೆ ಕಣೋ, ಈಗ ಬೇಡ." ಈ ಮೇ ತಿಂಗಳ ಮಳೇಲಿ ಗಾಳಿಗೆ ತೊಡೆ ದಪ್ಪದ ಕೊಂಬೆ ಲಟಕ್ ಅಂತ ಮುರಿದು ಪಕ್ಕದ್ಮನೆಯವರ ಶೀಟ್ ಮೇಲೆ ಬಿತ್ತು. ಹೊಸ ಶೀಟ್ ಹಾಕಿಸಿಕೊಟ್ವಿ. ಅವತ್ತು ಅಮ್ಮ ಸುಮ್ಮನಾದ್ಲು. ಮರ ಕಡಿಯೋನನ್ನ ಕರೆಸಿದ್ರೆ 3000 ಕೇಳ್ದ, ಅದೂ ಬುಡಕ್ಕೇ ತೆಗೆದುಬಿಡೋಣ ಸಾರ್ ಅಂದ. ಅದಕ್ಕೆ ಅಮ್ಮ ಒಪ್ಪಲ್ಲ. ಸರಿ ನಾನೇ ನೋಡ್ಕೋತೀನಿ ಅಂತ 450 ಕೊಟ್ಟು ಒಂದು ಬಾಗಿದ ಕೈಗರಗಸ ತಂದೆ. ಕಾಯಿ ಮುಗಿದ ಮೇಲೆ, ಜೋರು ಮಳೆ ಹಿಡಿಯೋಕೆ ಮುಂಚೆ ಮುಗಿಸ್ಬೇಕು ಅಂತ ಜೂನ್ ಮೊದಲ ಎರಡು ಭಾನುವಾರ ಅದಕ್ಕೇ ಇಟ್ಟೆ.

ನುಗ್ಗೆ ಮರ ಹತ್ಬಾರ್ದು ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಒಳಗೆ ಬರೀ ಬೆಂಡು, ನೋಡೋಕೆ ದಪ್ಪ ಇದ್ರೂ ಕಾಲಿಟ್ರೆ ಹೇಳದೆ ಕೇಳದೆ ಮುರಿಯುತ್ತೆ, ಅದಕ್ಕೇ ಏಣೀನ ಮರಕ್ಕೆ ಒರಗಿಸದೆ ಬಾತ್ರೂಮ್ ಗೋಡೆಗೆ ಒರಗಿಸಿ, ಮೇಲಿನ ಕೊಂಬೆಗಳನ್ನ ಟೆರೇಸಿಂದಾನೇ ಹಗ್ಗ ಕಟ್ಟಿ ಒಂದೊಂದಾಗಿ ಇಳಿಸ್ದೆ. ಇನ್ನೊಂದು ವಿಷ್ಯ, ಒಂದು ಕಡೆ ಕೊಂಬೆ ಕರೆಂಟ್ ವೈರ್ ಹತ್ರಾನೇ ಇತ್ತು, ಮನೆ ಮೇನ್ ಆಫ್ ಮಾಡಿದ್ರೆ ಸಾಕು ಅಂದ್ಕೊಂಡಿದ್ದೆ, ಆದ್ರೆ ಕಂಬದಿಂದ ಮೀಟರ್‌ವರೆಗೆ ಬರೋ ವೈರಲ್ಲಿ ಕರೆಂಟ್ ಹಾಗೇ ಇರುತ್ತೆ! ಆ ಕಡೆ ಕೊಂಬೆ ಮುಟ್ಟಲೇ ಇಲ್ಲ, ಲೈನ್‌ಮನ್ ಬಂದು ಕಂಬದಲ್ಲಿ ಆಫ್ ಮಾಡಿದ ಮೇಲೆ ತೆಗೆದಿದ್ದು.

ಮೊದಲನೇ ದೊಡ್ಡ ಕೊಂಬೇಲೇ ಎಡವಟ್ಟಾಯ್ತು. ಮೇಲಿಂದ ಆರಾಮಾಗಿ ಕುಯ್ತಾ ಹೋದೆ, ಗರಗಸ ಬೆಣ್ಣೇಲಿ ಹೋದಂಗೆ ಹೋಗ್ತಿತ್ತು, ಮುಕ್ಕಾಲು ಕುಯ್ದಿರ್ಬೇಕು ಅಷ್ಟರಲ್ಲಿ ಕೊಂಬೆ ತನ್ನ ಭಾರಕ್ಕೆ ತಾನೇ ವಾಲಿ, ಕೆಳಗಡೆ ಸಿಪ್ಪೇನ ಕಾಂಡದುದ್ದಕ್ಕೂ ಎರಡಡಿ ಸಿಗಿದು ಎಳ್ಕೊಂಡು ಬಂತು. ಬಾಳೆಹಣ್ಣು ಸುಲಿದಂಗೆ. ಒಳಗೆ ಬೆಳ್ಳಗೆ ಒದ್ದೆ ಒದ್ದೆ, ಮೂಲಂಗಿ ಥರ ಘಾಟು. (ಬ್ರಿಟಿಷರು ಇದರ ಬೇರನ್ನ ತಮ್ಮ ಹಾರ್ಸ್‌ರ್ಯಾಡಿಷ್ ಬದಲು ತುರಿದು ತಿಂತಿದ್ರಂತೆ, ಆ ಹೆಸರೇ ಮರಕ್ಕೂ ಇಟ್ರು. ಘಾಟು ಮೂಗಿಗೆ ಹೊಡೆದಾಗ ಯಾಕೆ ಅಂತ ಗೊತ್ತಾಯ್ತು.)

ಆಮೇಲೆ ಬುದ್ಧಿ ಬಂತು. ಎಲ್ಲಿ ಕಡೀಬೇಕೋ ಅಲ್ಲಿಂದ ಒಂದಡಿ ಆಚೆ, ಮೊದಲು ಕೆಳಗಿಂದ ಕಾಲು ಭಾಗ ಕುಯ್ಯೋದು, ಆಮೇಲೆ ಅದರಿಂದ ಇನ್ನೂ ಎರಡಿಂಚು ಆಚೆ ಮೇಲಿಂದ. ಕೊಂಬೆ ಮುರಿದ್ರೂ ಕೆಳಗಿನ ಗೀಟಿಗೆ ಬಂದು ನಿಲ್ಲುತ್ತೆ, ಸಿಪ್ಪೆ ಹರಿಯಲ್ಲ. ಭಾರ ಎಲ್ಲ ಹೋದ್ಮೇಲೆ ಉಳಿದ ಮೊಟ್ಟನ್ನ ನೀಟಾಗಿ, ಮಳೆ ನೀರು ನಿಲ್ಲದ ಹಾಗೆ ಓರೆಯಾಗಿ ಕುಯ್ದ್ರೆ ಆಯ್ತು. ಮಚ್ಚು ಮಾತ್ರ ಬೇಡಪ್ಪ, ಮೆತ್ತಗಿನ ಮರ, ಏಟು ಬಿದ್ದ ಕಡೆ ಸೀಳು ಬಿಡುತ್ತೆ.

ಎರಡನೇ ಭಾನುವಾರ ಕಂಬಳಿ ಹುಳ. ಹುಳ ಕಾಣಿಸಿದ್ದು ಎಂಟ್ಹತ್ತು ಅಷ್ಟೇ, ಆದ್ರೆ ಅದರ ಕೂದಲು ಸಿಪ್ಪೆ ಮೇಲೆಲ್ಲ ಅಂಟಿತ್ತು ಅನ್ಸುತ್ತೆ, ಅರ್ಧ ತೋಳಿನ ಶರ್ಟು ಹಾಕಿದ್ದು ನನ್ನದೇ ತಪ್ಪು. ಮೊಣಕೈವರೆಗೂ ದದ್ದು. ಕೆರೀಬೇಡ ಕೆರೀಬೇಡ ಅಂತ ಅಮ್ಮ ಕೂಗ್ತಿದ್ಲು, ಮಗಳು ತನ್ನ ಡ್ರಾಯಿಂಗ್ ಡಬ್ಬದಿಂದ ಸೆಲ್ಲೋಟೇಪ್ ತಂದ್ಲು, ಅಂಟಿಸಿ ಅಂಟಿಸಿ ಕಿತ್ತೆ. ಸುಮಾರು ಕಮ್ಮಿ ಆಯ್ತು.

ಈ ಮಧ್ಯೆ ರಸ್ತೆಗೆಲ್ಲ ಸೊಪ್ಪಿನ ಸುದ್ದಿ ಮುಟ್ಟಿತ್ತು. ಬುಟ್ಟಿ ಹಿಡ್ಕೊಂಡು ಬಂದೋರಿಗೆ ಎಲ್ಲಾ ಕೊಟ್ಟು, ಉಳಿದಿದ್ರಲ್ಲಿ ಅಮ್ಮ ಎರಡು ದಿನ ಪಲ್ಯ ಒಂದಿನ ಬಸ್ಸಾರು ಮಾಡಿದ್ಲು. ಕೊಂಬೆ ಮಾತ್ರ ಯಾರಿಗೂ ಬೇಡ, ಒಲೆಗೂ ಬರಲ್ಲ, ಮೂಲೆಗೆ ಹಾಕ್ದೆ.

ಕಡಿದ ಜಾಗಕ್ಕೆ ಅಮ್ಮ ಸಗಣಿ ಮೆತ್ತು ಅಂದ್ಲು, ನಾನು ಬೋರ್ಡೋ ಪೇಸ್ಟ್ ಮಾಡ್ದೆ, ಅಂದ್ರೆ ಕಡಿದ ಗಾಯಕ್ಕೆ ಬೂಷ್ಟು ಹಿಡಿದು ಕೊಳೀದಂಗೆ ಬಳಿಯೋ ಲೇಪ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸೋದು, ನೀರು ಎರಡಕ್ಕೂ ಸೇರಿ ಒಟ್ಟು ಒಂದು ಲೀಟರ್. ಪ್ಲಾಸ್ಟಿಕ್ ಬಕೆಟ್ಟಲ್ಲೇ ಮಾಡಿ, ಕಬ್ಬಿಣದ್ದು ಬೇಡ, ತುತ್ತ ಅದನ್ನ ತಿಂದುಬಿಡುತ್ತೆ. ಎಲ್ಲಾ ಮುಗಿದಾಗ ಎದೆಮಟ್ಟದ ಬುಡ, ಅದರ ಮೇಲೆ ನೆಟ್ಟಗೆ ಮೂರು ಮೊಟ್ಟು, ತುದಿಗೆ ನೀಲಿ ಬಣ್ಣ. ಅಮ್ಮ ಅಡುಗೆಮನೆ ಕಿಟಕಿಯಿಂದ ನೋಡಿ, "ಮರಕ್ಕೂ ಮೂರು ನಾಮ ಹಾಕ್ಬಿಟ್ಯಲ್ಲೋ" ಅಂದ್ಲು.

ನಿಜ ಹೇಳ್ಬೇಕಂದ್ರೆ ನನಗೂ ಎದೆ ಡವ ಡವ. ತೋಟದವರು ಪಿಕೆಎಂ-1 ಥರದ ತಳಿಗಳನ್ನ ಪ್ರತಿ ಫಸಲಾದ್ಮೇಲೆ ಮೂರಡಿಗೆ ಕಡಿದು ಕೂಳೆ ಬಿಡ್ತಾರೆ, ಅಂದ್ರೆ ಅದೇ ಬುಡದಿಂದ ಮತ್ತೆ ಚಿಗುರೋಕೆ ಬಿಡ್ತಾರೆ ಅಂತ ಗೊತ್ತಿತ್ತು, ಆದ್ರೂ ನಮ್ದು ಊರ ಗಿಡ, ವಯಸ್ಸಾಗಿರೋದು. ಹದಿನೈದು ದಿನಕ್ಕೆ ಸಿಪ್ಪೆ ಒಡೆದು ಹಸಿರು ಮೊಳಕೆ ಬಂತು. ಈಗ ಒಂದೊಂದು ಮೊಟ್ಟಿಗೂ ಹತ್ತು ಹನ್ನೆರಡು ಚಿಗುರು. ಅಷ್ಟೂ ಬಿಟ್ರೆ ಮತ್ತೆ ಅದೇ ಕಥೆ ಅಂತ ಮೂರ್ಮೂರು ಇಟ್ಕೊಂಡು ಮಿಕ್ಕಿದ್ದು ಮುರಿದು ಹಾಕ್ದೆ, ಇಟ್ಟಿದ್ದಕ್ಕೂ ಎರಡಡಿ ಆದಾಗ ತುದಿ ಚಿವುಟಿದೀನಿ.

ಮೂಲೆಗೆ ಎಸೆದಿದ್ದ ತುಂಡುಗಳೂ ಬಿದ್ದಲ್ಲೇ ಚಿಗುರಿವೆ, ಏಳೆಂಟಿವೆ. ಮೈಸೂರಲ್ಲಿರೋರಿಗೆ ಬೇಕಾದ್ರೆ ಬಂದು ತಗೊಂಡು ಹೋಗಿ. ಎದುರುಮನೆ ಆಂಟಿ ಆಗ್ಲೇ ಕೇಳಿದ್ರು, ಆದ್ರೆ ಅವ್ರಿಗೆ ಹಿತ್ತಲಿಲ್ಲ, ಮನೆ ಮುಂದೆ ನೆಡ್ತಾರೆ, ನುಗ್ಗೇಲಿ ದೆವ್ವ ಇರುತ್ತೆ, ಎದ್ದು ಬಾಗಿಲು ತೆಗೆದ್ರೆ ನಾವು ತಾನೆ ನೋಡ್ಬೇಕು ಅಂತ ಅಮ್ಮ ಇನ್ನೂ ಕೊಟ್ಟಿಲ್ಲ.