ಮನೆ ಮುಂದೆ ಗರಿಕೆಯೇ ಸಾಕು

ಮೈಸೂರಿನ ನಮ್ಮ ಮನೆ ಮುಂದೆ ಒಂದು ಕಾರು ನಿಲ್ಲಿಸುವಷ್ಟು ಮಣ್ಣಿನ ಜಾಗ ಇದೆ. ನೆಂಟರೆಲ್ಲ ಟೈಲ್ಸ್ ಹಾಕಿಸಿ ಅಂದರು. ನನಗೆ ಹುಲ್ಲೇ ಬೇಕಿತ್ತು. ಮಳೆ ನೀರು ಅಲ್ಲೇ ಇಂಗಬೇಕು, ಮಗಳು ಬರಿಗಾಲಲ್ಲಿ ಓಡಾಡಬೇಕು.

ಮೇ ತಿಂಗಳ ಒಂದು ಭಾನುವಾರ ಅಮ್ಮನ ಜೊತೆ ನರ್ಸರಿಗೆ ಹೋದೆ. ಮೆಕ್ಸಿಕನ್ ಹುಲ್ಲನ್ನು ಚೌಕ ಚೌಕವಾಗಿ ಕತ್ತರಿಸಿ ಪೇರಿಸಿಟ್ಟಿದ್ದರು. "ಇವತ್ತು ಹಾಸಿದರೆ ಇವತ್ತೇ ಹಸಿರು ಸರ್" ಅಂದರು. ಮುಟ್ಟಿದರೆ ಮೆತ್ತಗೆ, ಚೆನ್ನಾಗೇ ಇತ್ತು. ಒಂದು ತುಂಡನ್ನು ತಿರುವಿ ಹಾಕಿ ನೋಡಿದೆ. ಅಡಿಯ ಮಣ್ಣಿನಲ್ಲಿ ತುಂಗೆ ಅನ್ನೋ ಕಳೆಯ ಗಡ್ಡೆಗಳು, ಕಪ್ಪಗೆ, ಸಣ್ಣ ಬೇರಿನಲ್ಲಿ ಮಣಿ ಪೋಣಿಸಿದ ಹಾಗೆ ಸಾಲಾಗಿ ಇದ್ದವು. ಮೇಲಿನ ಎಲೆ ಕಿತ್ತರೆ ಬೇರು ಕಡಿದು ಗಡ್ಡೆ ಒಳಗೇ ಉಳಿಯುತ್ತದೆ, ಮತ್ತೆ ಚಿಗುರುತ್ತದೆ. ದುಡ್ಡು ಕೊಟ್ಟು ಕಳೆ ಯಾಕೆ ತರಬೇಕು, ಅಲ್ವಾ?

"ಸುಮ್ನೆ ಗರಿಕೆ ಹಾಕೋ, ಗಣೇಶನ ಹಬ್ಬಕ್ಕೂ ಆಗುತ್ತೆ" ಅಂದರು ಅಮ್ಮ. ಕ್ರಿಕೆಟ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲೂ ಗರಿಕೆಯ ಬಳಗದ್ದೇ. ಗರಿಕೆಗೆ ಬಿಸಿಲು ಜಾಸ್ತಿ ಬೇಕು, ನಮ್ಮ ಅಂಗಳಕ್ಕೆ ಸಂಜೆವರೆಗೂ ಬಿಸಿಲಿದೆ. ಬೇಸಿಗೆಯಲ್ಲಿ ಒಣಗಿ ಕಂದಾದರೂ ಮಳೆ ಬಿದ್ದರೆ ಎದ್ದು ಬರುತ್ತದೆ. ನೀರಿನ ಚಿಂತೆ ನನಗೆ ನಿಜವಾಗಿಯೂ ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನಲ್ಲಿ ಗಿಡಗಳಿಗೆ ಕುಡಿಯುವ ನೀರು ಹಾಕಿದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತ್ತು, ಅಕ್ಕ ಅಲ್ಲೇ ಇರೋದರಿಂದ ಆ ಬೇಸಿಗೆಯ ಪಾಡು ಚೆನ್ನಾಗಿ ಗೊತ್ತು. ಅಂಥದ್ದರಲ್ಲಿ ದಿನಾ ನೀರು ಕೇಳುವ ಹುಲ್ಲು ಹಾಕೋದಕ್ಕೆ ನನಗೆ ಮನಸ್ಸು ಬರಲಿಲ್ಲ.

ಬರುತ್ತಾ ದಾರಿಯಲ್ಲೇ ಎಲ್ಲ ತೀರ್ಮಾನ ಮಾಡಿದೆವು. ಮೊದಲು ಗುದ್ದಲಿ ಆಳಕ್ಕೆ ಅಗೆದು ನಮ್ಮ ಮಣ್ಣಿನಲ್ಲಿರುವ ತುಂಗೆ ಗಡ್ಡೆ ಆರಿಸೋದು. ನೀರು ಹಾಕಿ ಕಾಯೋದು, ಉಳಿದದ್ದು ಚಿಗುರಿದ ಮೇಲೆ ಮತ್ತೆ ಅಗೆಯೋದು. ಈ ಕಾಯುವ ಕೆಲಸ ಬಿಟ್ಟರೆ ಆಮೇಲೆ ವರ್ಷವಿಡೀ ಕಳೆ ಕೀಳಬೇಕಾಗುತ್ತದೆ. ಆಮೇಲೆ ಕೊಟ್ಟಿಗೆ ಗೊಬ್ಬರ ಬೆರೆಸಿ, ಗೇಟಿನ ಕಡೆಗೆ ಸ್ವಲ್ಪ ಇಳಿಜಾರು ಬಿಟ್ಟು ಮಟ್ಟ ಮಾಡೋದು. ಜೂನ್ ಮಳೆ ಹಿಡಿದ ಮೇಲೆ ಎರಡು ಮೂರು ಗೆಣ್ಣಿರುವ ಗರಿಕೆ ಬಳ್ಳಿಯನ್ನು ನಾಲ್ಕು ನಾಲ್ಕು ಇಂಚಿಗೆ ನೆಡೋದು. ಬಳ್ಳಿಗೆ ದುಡ್ಡೇ ಬೇಡ, ಮಾವನ ಗದ್ದೆ ಬದುವಿನಲ್ಲಿ ಬೇಕಾದಷ್ಟಿದೆ.

ಮಾವಿನ ಮರದ ನೆರಳು ಬೀಳುವ ಮೂಲೆಯಲ್ಲಿ ಮಾತ್ರ ಗರಿಕೆ ಬಾಳಲ್ಲ. ಅಲ್ಲಿಗೆ ದೊಡ್ಡಪತ್ರೆ ಹಾಕೋಣ ಅಂತಾರೆ ಅಮ್ಮ.