ಬೇವಿನ ಗಿಡದ ಬುಡಕ್ಕೆ ನಲವತ್ತು ಎಕರೆ ಕಬ್ಬು

ಸಕ್ಕರೆ ಕಾರ್ಖಾನೆಯಲ್ಲಿ ಜಿಐಎಸ್ ಕೆಲಸ, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆ ಮಾಡುವ ಕೆಲಸ, ಅಂದರೆ ನಮ್ಮ ಮುಧೋಳ ಕಡೆಯ ನೆಂಟರು ಕೇಳುವ ಮೊದಲ ಪ್ರಶ್ನೆ, "ಲ್ಯಾಬಿನ್ಯಾಗೇನ್ರಿ?" ಎರಡನೆಯದು, "ನಮ್ಮ ಕಬ್ಬಿನ ಪಾಳಿ ಒಂಚೂರು ಮುಂದ ತರಾಕ ಆಗ್ತೈತೇನು?" ಮೊದಲನೆಯದಕ್ಕೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಎರಡನೆಯದನ್ನು ಬಹಳ ದಿನ ನಕ್ಕು ತಳ್ಳಿಹಾಕುತ್ತಿದ್ದೆ. ಈಗ ಯಾರಾದರೂ ನಿನ್ನ ಕೆಲಸ ಏನು ಅಂತ ಕೇಳಿದರೆ ಅದನ್ನೇ ಹೇಳುತ್ತೇನೆ: ಪಾಳಿ ಹಚ್ಚೋದು, ಯಾರ ಕಬ್ಬು ಯಾವಾಗ ಕಡಿಯಬೇಕು ಅಂತ ಸರದಿ ಗೊತ್ತುಮಾಡೋದು.

ಕಾರ್ಖಾನೆಯ ಹೆಸರು ಬೇಡ. ಘಟಪ್ರಭೆಯ ಈ ದಂಡೆ ಆ ದಂಡೆ ಸೇರಿ ಕಾರ್ಖಾನೆಗಳಿಗೇನೂ ಬರವಿಲ್ಲ, ಒಬ್ಬರ ಕಬ್ಬು ಇನ್ನೊಬ್ಬರ ಯಾರ್ಡಿಗೆ ಹೋಗುವುದಕ್ಕೆ ಒಂದು ರಾತ್ರಿ ಸಾಕು. ಹಾಗಾಗಿ ನಮ್ಮ ಮ್ಯಾನೇಜ್‌ಮೆಂಟಿಗೆ ಎಲ್ಲ ಕಬ್ಬನ್ನೂ ಒಂದೇ ಪರದೆಯ ಮೇಲೆ ನೋಡುವ ಆಸೆ ಹುಟ್ಟಿತು. ಲೈಸೆನ್ಸ್ ಬಂತು, ಸರ್ವರ್ ಬಂತು, ಒಂದು ಡ್ರೋನ್ ಬಂತು. ಎಂ.ಡಿ. ಸಾಹೇಬರ ಚೇಂಬರಿನಲ್ಲಿ ಗೋಡೆಯಗಲದ ಟಿವಿ ಬಂತು. ವೆಂಡರ್ ಕಡೆಯವರು ಒಂದು ಮೊಬೈಲ್ ಆ್ಯಪ್ ಕೊಟ್ಟರು. ಫೀಲ್ಡ್‌ಮನ್ ಹೊಲಕ್ಕೆ ಹೋಗಿ ಪಿನ್ ಹಾಕಬೇಕು, ಆ ಪಿನ್ ಯಾವ ಸರ್ವೆ ನಂಬರಿನೊಳಗೆ ಬೀಳುತ್ತದೋ ಆ ಹೊಲ ಆ ರೈತನ ಹೆಸರಿಗೆ ಬಣ್ಣ ತುಂಬಿಕೊಳ್ಳುತ್ತದೆ. ಕುಳಿಗೆ (ಕಡಿದ ಬುಡದಿಂದ ಮತ್ತೆ ಚಿಗುರಿದ ಕಬ್ಬು) ಒಂದು ಬಣ್ಣ, ಲಾವಣಿಗೆ (ಹೊಸದಾಗಿ ನಾಟಿ ಮಾಡಿದ್ದು) ಒಂದು. ಮೇಲೆ ಸ್ಯಾಟಲೈಟ್ ಹಸಿರು. ಯಾರೇ ಗಣ್ಯರು ಬಂದರೂ ಮೊದಲು ಟಿವಿ ತೋರಿಸಿ ಆಮೇಲೆ ಚಹಾ.

ಫೀಲ್ಡ್‌ಮನ್‌ಗಳ ಪೆಟ್ರೋಲ್ ಭತ್ಯೆ ಮಾತ್ರ ಹಳೇ ರೇಟಿನಲ್ಲೇ ಇತ್ತು. ದಿನಕ್ಕೆ ಇಷ್ಟು ಪಿನ್ ಅಂತ ಟಾರ್ಗೆಟ್ ಹೊಸದಾಗಿ ಬಂತು.

ಆ ದಿನ ಹಂಗಾಮು ಜೋರಿನಲ್ಲಿತ್ತು. ಯಾರ್ಡಿನಲ್ಲಿ ಡಬಲ್ ಟ್ರೇಲರ್‌ಗಳ ಸಾಲು ರಸ್ತೆಗೆ ಬಂದಿತ್ತು. ಚೇಂಬರಿನಲ್ಲಿ ಡೈರೆಕ್ಟರ್‌ಗಳು ಕೂತಿದ್ದರು, ನಾನು ರಿಮೋಟ್ ಹಿಡಿದು ವಲಯವಾರು ಕಟಾವಿನ ಪ್ರಗತಿ ತೋರಿಸುತ್ತಿದ್ದೆ. ಫೋನ್ ಬಂತು. ಆ ಭಾಗದ ಹಳೆಯ ಫೀಲ್ಡ್‌ಮನ್, ನಾವೆಲ್ಲ ಕಾಕಾ ಅಂತ ಕರೆಯುವವರು, ಮಗಳ ಮದುವೆಗೆ ರಜೆ ಹಾಕಿದ್ದರು. ಅವರ ಜಾಗಕ್ಕೆ ಹಾಕಿದ್ದ ಹೊಸ ಹುಡುಗ ಆ್ಯಪಿನ ದಾರಿ ಹಿಡಿದು ಕಬ್ಬು ಕಡಿಯುವ ಗ್ಯಾಂಗ್, ಅದರ ಮುಖಂಡ ಮುಕಾದಮನನ್ನು ಕರೆದುಕೊಂಡು ಹೋಗಿದ್ದ.

"ಸರ, ಪಿನ್ ಇಲ್ಲೇ ತೋರಸಾಕತ್ತೈತ್ರಿ. ಆದ್ರ ಕಬ್ಬು ಎಳೇದು ಅನಸ್ತೈತಿ. ಮುಕಾದಮನೂ ಅದನ್ನ ಅನ್ನಾಕತ್ತಾನ."

ಪರದೆಯ ಮೇಲೇ ಆ ಜಾಗ ಹಿಗ್ಗಿಸಿದೆ. ಪಿನ್ ಸರ್ವೆ ನಂಬರಿನೊಳಗೆ ಚೊಕ್ಕಟವಾಗಿ ಕೂತಿತ್ತು. ಕುಳಿ ಕಬ್ಬು, ಕೋ 86032 ತಳಿ, ಕಟಾವಿಗೆ ಬಂದಿದೆ ಅಂತ ಬರೆದಿತ್ತು. ಸ್ಯಾಟಲೈಟ್ ಹಸಿರು ದಟ್ಟವಾಗಿತ್ತು. ಡೈರೆಕ್ಟರ್ ಒಬ್ಬರು "ಏನ್ ಸಮಸ್ಯಾ?" ಅಂದರು. ನಾನು ಅವರತ್ತ ನಕ್ಕು, ಫೋನಿಗೆ ಬಾಯಿ ಹತ್ತಿರ ತಂದು, "ಕಬ್ಬು ಬೆಳದೈತಿ, ಹಚ್ಚಿಸು" ಅಂದೆ. ಹೊಸಬರು ಜವಾಬ್ದಾರಿ ತಪ್ಪಿಸಿಕೊಳ್ಳಲು ಹೀಗೇ ಕೇಳುತ್ತಾರೆ ಅಂತ ನನ್ನ ಲೆಕ್ಕ. ತಲೆತಲಾಂತರದಿಂದ ಕಬ್ಬು ಕಡಿಯುವ ಮುಕಾದಮ ಎಳೇದು ಅಂದದ್ದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಮತ್ತೆ ಫೋನ್. ಈ ಸಲ ಹಿಂದೆ ಗದ್ದಲ. "ಸರ, ಮಾಲಕ ಬಂದಾರ್ರಿ. ಈ ಹೊಲ ಅವರದಂತ, ನಮ್ಮ ಫ್ಯಾಕ್ಟರಿಗೆ ನೋಂದಣಿನೇ ಮಾಡಿಲ್ಲಂತ. ಗ್ಯಾಂಗಿನ ಕುಡಗೋಲ ಕಸಗೊಂಡಾರ. ಗಾಡಿ ಬಿಡೂದಿಲ್ಲ ಅಂತಾರ."

ಚೇಂಬರಿನಿಂದ ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆ. ಎಷ್ಟು ಕಡಿದಿದ್ದಾರೆ ಅಂತ ಕೇಳಿದರೆ ಹುಡುಗ ಸಾಲು ಎಣಿಸಲು ಶುರು ಮಾಡಿದ, ನಡುವೆ ಯಾರೋ ಅವನ ಫೋನ್ ಕಸಿದುಕೊಂಡು ನನಗೇ ನೇರ ಬೈದರು. ಬೈಗುಳದ ನಡುವೆ ಒಂದು ಮಾತು ಮಾತ್ರ ಸ್ಪಷ್ಟವಾಗಿತ್ತು: "ಎಂಟ ತಿಂಗಳದ ಲಾವಣಿ ಕಬ್ಬಲೇ ಇದು!" ಕೇನ್ ಮ್ಯಾನೇಜರ್‌ಗೆ ಫೋನ್ ಮಾಡಿದರೆ ಬಿಜಿ. ಒಳಗಿನಿಂದ ಎಂ.ಡಿ. ಸಾಹೇಬರ ಪಿ.ಎ. ಬಂದು "ಮುಂದಿನ ಸ್ಲೈಡ್ ಕೇಳಾಕತ್ತಾರ" ಅಂದ. ಕೊನೆಗೆ ಮದುವೆ ಮನೆಯಲ್ಲಿದ್ದ ಕಾಕಾಗೇ ಹಚ್ಚಿದೆ. ಬ್ಯಾಂಡಿನ ಸದ್ದಿನಲ್ಲಿ ಅವರಿಗೆ ನನ್ನ ಮಾತು ಕೇಳಿಸಲಿ ಅಂತ ಕಾರಿಡಾರಿನಲ್ಲೇ ಕೂಗಬೇಕಾಯಿತು.

"ಆ ಪ್ಲಾಟ ಕಾಲುವಿ ಆಚೀಕ ಐತಿ ಸಾಹೇಬ್ರ," ಅಂದರು ಕಾಕಾ, ಏನೂ ಆಗದವರ ಹಾಗೆ. "ನಾ ಈಚೀಕ ಬೇವಿನ ಗಿಡದ ಬುಡಕ ನಿಂತ ಪಿನ್ ಹಾಕೇನಿ. ಅಲ್ಲೆ ಮಾತ್ರ ರೇಂಜ್ ಬರ್ತೈತಿ. ಹೊಲದಾಗ ನಿಂತ್ರ ನಿಮ್ಮ ಆ್ಯಪ್ ಸೇವ್ ಆಗೂದಿಲ್ಲ, ಚಕ್ರ ತಿರಗಕೋಂತ ಕುಂದರ್ತೈತಿ."

ಗ್ಯಾಂಗನ್ನು ಹೊರಗೆ ಕರೆಸಿದೆವು. ಕೇನ್ ಮ್ಯಾನೇಜರ್ ಖುದ್ದು ಹೋಗಿ, ಊರಿನ ಹಿರಿಯರನ್ನು ಕೂರಿಸಿ, ಕಡಿದಷ್ಟಕ್ಕೆ ಪೂರ್ತಿ ಬೆಳೆಯ ಲೆಕ್ಕದಲ್ಲಿ ದುಡ್ಡು ಕಟ್ಟಿಕೊಡುವುದಾಗಿ ಒಪ್ಪಿಕೊಂಡು ಬಂದರು. ಆ ವಿಷಯ ಅಲ್ಲಿಗೆ ಮುಗಿಯಿತು. ನನ್ನದು ಅಂದು ರಾತ್ರಿ ಶುರುವಾಯಿತು.

ಟಿವಿಯ ಬಣ್ಣ, ಸರ್ವೆ ಗಡಿ, ಸ್ಯಾಟಲೈಟ್ ಎಲ್ಲ ಆರಿಸಿ ಬರೀ ಪಿನ್‌ಗಳನ್ನಷ್ಟೇ ಉಳಿಸಿಕೊಂಡು ನೋಡಿದೆ. ಕಾಲುವೆ ರಸ್ತೆಯುದ್ದಕ್ಕೂ ಮಣಿ ಪೋಣಿಸಿದ ಹಾಗೆ ಪಿನ್ನುಗಳು. ನಡುವಿನ ಹೊಲಗಳೊಳಗೆ ಖಾಲಿ. ಕೆಲವು ಕಡೆ ಒಂದರ ಮೇಲೊಂದು ಗುಪ್ಪೆ: ಒಂದು ಗುಡಿ ಕಟ್ಟೆ, ಒಂದು ಚಹಾದಂಗಡಿ, ಕಾಕಾ ಹೇಳಿದ ಬೇವಿನ ಗಿಡ. ಆ ಗಿಡದ ಬುಡದಲ್ಲಿ ಬಿದ್ದ ಪಿನ್‌ಗಳ ನೋಂದಾಯಿತ ಕ್ಷೇತ್ರ ಕೂಡಿಸಿದರೆ ನಲವತ್ತು ಎಕರೆ. ಕಬ್ಬಿನ ನಕ್ಷೆ ಅಂತ ಡೈರೆಕ್ಟರ್‌ಗಳಿಗೆ ತೋರಿಸುತ್ತಿದ್ದದ್ದು ಊರೂರಿನಲ್ಲಿ ಮೊಬೈಲ್ ರೇಂಜ್ ಎಲ್ಲಿ ಸಿಗುತ್ತದೆ ಎಂಬುದರ ನಕ್ಷೆ. ಟಾರ್ಗೆಟ್ ಮಾತ್ರ ನೂರಕ್ಕೆ ನೂರು ಮುಟ್ಟಿತ್ತು.

ಸ್ಯಾಟಲೈಟ್ ಯಾಕೆ ಎಚ್ಚರಿಸಲಿಲ್ಲ ಅಂತ ಎಂ.ಡಿ. ಕೇಳಿದರು. ಕೇಳಬೇಕಾದ್ದೇ. ನಾವು ಬಳಸುವ ಸೆಂಟಿನೆಲ್-2 ಚಿತ್ರದಲ್ಲಿ ಒಂದು ಚುಕ್ಕೆ ಅಂದರೆ ಹತ್ತು ಮೀಟರ್ ಅಗಲ, ಹತ್ತು ಮೀಟರ್ ಉದ್ದ. ನಮ್ಮ ಭಾಷೆಯಲ್ಲಿ ಹೆಚ್ಚುಕಡಿಮೆ ಒಂದು ಗುಂಟೆ. ಹತ್ತು ಗುಂಟೆ ಪಟ್ಟಿಯ ಹೊಲಕ್ಕೆ ಹತ್ತು ಚುಕ್ಕೆ ಸಿಗುತ್ತವೆ, ಅದರಲ್ಲಿ ಅಂಚಿನವು ಬದು, ಕಾಲುವೆ, ಪಕ್ಕದವನ ಗೋವಿನಜೋಳ ಎಲ್ಲ ಕಲಸಿಕೊಂಡವು. ಇನ್ನು ಕಬ್ಬು ತಲೆ ಮುಚ್ಚುವಷ್ಟು ಬೆಳೆದ ಮೇಲೆ ಹಸಿರಿನ ದಟ್ಟಣೆಯ ಸೂಚ್ಯಂಕ ಎನ್‌ಡಿವಿಐ ಒಂದು ಮಟ್ಟಕ್ಕೆ ಬಂದು ನಿಂತುಬಿಡುತ್ತದೆ. ಎಂಟು ತಿಂಗಳದ್ದೂ ಹಸಿರೇ, ಹನ್ನೆರಡು ತಿಂಗಳದ್ದೂ ಹಸಿರೇ. ಮಳೆಗಾಲದಲ್ಲಂತೂ ಮೋಡ ಬಿಟ್ಟು ಏನೂ ಕಾಣದು. ಕಬ್ಬು ಇದೆಯೋ ಇಲ್ಲವೋ ನೋಡಲು, ಎಲ್ಲಿ ಕಟಾವಾಗಿದೆ ಅಂತ ಹಿಡಿಯಲು ಅದು ಒಳ್ಳೆಯದೇ. ಹಣ್ಣಾಗಿದೆಯೋ ಅಂತ ಹೇಳಲು ಮುಕಾದಮ ಕಬ್ಬು ಮುರಿದು ನೋಡಬೇಕು, ಇಲ್ಲ ರಸದ ಸಿಹಿ ಅಳೆಯುವ ಬ್ರಿಕ್ಸ್ ಮೀಟರ್ ಹಿಡಿಯಬೇಕು.

ಇನ್ನೊಂದು ಹುಳುಕು ಸರ್ವೆ ಗಡಿಯಲ್ಲಿತ್ತು. ವೆಂಡರ್ ಹಳೇ ಗ್ರಾಮ ನಕ್ಷೆ ಸ್ಕ್ಯಾನ್ ಮಾಡಿ, ಊರಿನ ನಾಲ್ಕು ಮೂಲೆ ಹೊಂದಿಸಿ ಕೂರಿಸಿದ್ದ. ನಡುವೆ ಕಾಲುವೆ ಹತ್ತಿರ ಬಂದರೆ ಗಡಿಗಳು ಒಂದು ಹೊಲದಷ್ಟು ಜರುಗಿದ್ದವು. ಹಳೇ ಟೋಪೋಶೀಟಿನಿಂದ ಎಳೆದ ಒಂದೆರಡು ಪದರ ಇನ್ನೂ ಹಳೇ ಅಳತೆಯ ಆಧಾರವಾದ ಎವರೆಸ್ಟ್ ಡೇಟಮ್‌ನಲ್ಲೇ ಇದ್ದವು. ಅದನ್ನು ಜಿಪಿಎಸ್ ಬಳಸುವ ಡಬ್ಲ್ಯೂಜಿಎಸ್ 84 ಅಂದುಕೊಂಡು ಹಾಕಿದರೆ ನಮ್ಮ ಕಡೆ ನೂರು ಮೀಟರಿಗೂ ಮಿಕ್ಕಿ ತಪ್ಪುತ್ತದೆ. ಪಿನ್ ಹೊಲದಲ್ಲಿ ಇಲ್ಲ, ಗಡಿ ಜಾಗದಲ್ಲಿ ಇಲ್ಲ. ಎರಡೂ ಸೇರಿ ಟಿವಿಯ ಮೇಲೆ ಚೊಕ್ಕಟ.

ಮುಂದಿನ ಹಂಗಾಮಿಗೆ ಮೊದಲು ಮಾಡಿದ ಕೆಲಸ ಆ್ಯಪ್ ಬದಲಿಸಿದ್ದು. ಕ್ಯೂಫೀಲ್ಡ್ ಹಾಕಿದೆವು, ದುಡ್ಡಿಲ್ಲ, ರೇಂಜ್ ಇಲ್ಲದಿದ್ದರೂ ನಡೆಯುತ್ತದೆ; ಸಂಜೆ ಆಫೀಸಿನ ವೈಫೈಗೆ ಬಂದಾಗ ಸಿಂಕ್. ಪಿನ್ ಪದ್ಧತಿ ಬಂದ್. ಬದುವಿನ ಮೇಲೆ ಹೊಲದ ಸುತ್ತ ನಡೆಯಬೇಕು, ನಡೆದ ದಾರಿಯೇ ಗಡಿ. ಹಳೇ ಫಾರ್ಮಿನಲ್ಲಿ ನೀರಿನ ಮೂಲದಿಂದ ಹಿಡಿದು ಬೀಜ ಎಲ್ಲಿಂದ ತಂದಿರಿ ಅನ್ನುವವರೆಗೆ ಪ್ರಶ್ನೆಗಳು ಕೆಳಗಿಳಿಯುತ್ತಲೇ ಇದ್ದವು. ಯಾರೋ ಮೀಟಿಂಗಿನಲ್ಲಿ "ಇದೂ ಇರಲಿ" ಅಂದದ್ದೆಲ್ಲ ಕಾಲಮ್ ಆಗಿತ್ತು. ಫೀಲ್ಡ್‌ಮನ್‌ಗಳು ಎಲ್ಲಕ್ಕೂ ಮೊದಲನೇ ಉತ್ತರ ಒತ್ತಿ ಮುಂದೆ ಹೋಗುತ್ತಿದ್ದರು, ಹಾಗಾಗಿ ನಮ್ಮ ದಾಖಲೆಯಲ್ಲಿ ಇಡೀ ತಾಲೂಕಿಗೆ ಬೋರ್‌ವೆಲ್ ನೀರು. ರೈತನ ಕೋಡ್, ತಳಿ, ಕುಳಿಯೋ ಲಾವಣಿಯೋ, ನಾಟಿ ತಾರೀಖು, ಡಬಲ್ ಟ್ರೇಲರ್ ಹೋಗುತ್ತದೋ ಇಲ್ಲವೋ. ಇಷ್ಟನ್ನೇ ಇಟ್ಟು ಉಳಿದದ್ದು ಕಿತ್ತೆ. ಕೊನೆಯದನ್ನು ಸೇರಿಸಲು ಹೇಳಿದ್ದು ಟ್ರ್ಯಾಕ್ಟರ್ ಡ್ರೈವರ್‌ಗಳು, ಇವತ್ತು ಎಲ್ಲಕ್ಕಿಂತ ಹೆಚ್ಚು ಬಳಕೆಯಾಗುವ ಕಾಲಮ್ ಅದೇ.

ಹಳೇ ಪಟ್ಟಿಗಳನ್ನು ಕೂಡಿಸುವುದು ಬೇರೆಯೇ ಗೋಳು. ಎಕ್ಸೆಲ್‌ನಲ್ಲಿ ಸರ್ವೆ ನಂಬರ್ 12/3 ಅಂತ ಹೊಡೆದರೆ ಅದು ಮಾರ್ಚ್ 12 ಆಗಿ ಕೂರುತ್ತದೆ. ಎಷ್ಟೋ ರೈತರ ಹೊಲ ತಾರೀಖಾಗಿ ಹೋಗಿದ್ದವು. ಊರಿನ ಹೆಸರು ನುಡಿ ಸಾಫ್ಟ್‌ವೇರಿನಲ್ಲಿ ಹೊಡೆದ ಫೈಲುಗಳು ನಕ್ಷೆಯ ಕೋಷ್ಟಕ ಡಿಬಿಎಫ್‌ನಲ್ಲಿ ಕಸ. ಒಬ್ಬ ಲೋಕಾಪುರ ಅಂತ ಬರೆದರೆ ಇನ್ನೊಬ್ಬ ಲೋಕಾಪೂರ. ಹಿಪ್ಪರಗಿ ಅಂದರೆ ನಮಗೆ ಬ್ಯಾರೇಜ್ ಇರುವ ಕೃಷ್ಣಾ ದಂಡೆಯದು. ವಿಜಯಪುರ ಜಿಲ್ಲೆಯಲ್ಲಿ ದೇವರ ಹಿಪ್ಪರಗಿ ಬೇರೆ. ವಿಜಯಪುರದ ಬ್ಯಾಂಕ್ ಶಾಖೆಯ ವಿಳಾಸಗಳನ್ನು ಒಮ್ಮೆ ಆನ್‌ಲೈನ್ ಜಿಯೋಕೋಡಿಂಗಿಗೆ ಕೊಟ್ಟರೆ ಒಂದಷ್ಟು ಹೋಗಿ ದೇವನಹಳ್ಳಿ ಪಕ್ಕದ ವಿಜಯಪುರದಲ್ಲಿ ಬಿದ್ದವು. ಹೆಸರು ನಂಬುವುದು ಬಿಟ್ಟು ಎಲ್ಲ ಊರಿಗೂ ಸರ್ಕಾರದ ಊರುಪಟ್ಟಿಯ ಎಲ್‌ಜಿಡಿ ಕೋಡ್ ಹಾಕಿದ ಮೇಲೆ ತಣ್ಣಗಾಯಿತು. ಹೊಸ ತಾಲೂಕುಗಳಾಗಿ ಊರುಗಳು ಅತ್ತಿತ್ತ ಹೋದರೂ ಊರಿನ ಕೋಡ್ ಕೈಬಿಡುವುದಿಲ್ಲ.

ಇಷ್ಟಾದರೂ ಅದು ಇನ್ನೂ ಬರೀ ನಕ್ಷೆ. ಲಾಭ ಅಂತ ಕಂಡದ್ದು ಕಬ್ಬಿನ ಗಾಡಿ ತೂಗುವ ಕಾಟಾದ ಜೊತೆ ಜೋಡಿಸಿದ ಮೇಲೆ. ಕಾಟಾದ ಸಾಫ್ಟ್‌ವೇರಿನಲ್ಲಿ ರೈತನ ಕೋಡ್ ಇತ್ತು, ಪ್ಲಾಟ್ ಕೋಡ್ ಇರಲಿಲ್ಲ. ಒಬ್ಬ ರೈತನಿಗೆ ಮೂರು ಕಡೆ ಹೊಲವಿದ್ದರೆ ಯಾವ ಹೊಲದಿಂದ ಎಷ್ಟು ಟನ್ ಬಂತು ಅಂತ ಯಾರಿಗೂ ಗೊತ್ತಿಲ್ಲ. ಸ್ಲಿಪ್ಪಿನ ಮೇಲೆ ಒಂದು ಕಾಲಮ್ ಹೆಚ್ಚಿಸಿ ಅಂದದ್ದಕ್ಕೆ ಆ ವೆಂಡರ್ ಎಸ್ಟಿಮೇಟ್ ಕಳಿಸಿದ, ಅಕೌಂಟ್ಸ್ ಕೊಕ್ಕೆ ಹಾಕಿತು, ಐಟಿಯವರು ಡೇಟಾಬೇಸ್ ಮುಟ್ಟಬೇಡಿ ಅಂದರು. ಕೊನೆಗೆ ಕೇನ್ ಮ್ಯಾನೇಜರ್ ಸ್ಲಿಪ್ ಪುಸ್ತಕದಲ್ಲೇ ಪ್ಲಾಟ್ ನಂಬರ್ ಅಚ್ಚು ಹಾಕಿಸಿ, ಕಾಟಾದ ಹುಡುಗರಿಗೆ ಅದನ್ನು ರಿಮಾರ್ಕ್ಸ್ ಕಾಲಮ್ಮಿನಲ್ಲಿ ಹೊಡೆಯಿರಿ ಅಂತ ಹೇಳಿದರು. ನಯವಿಲ್ಲದ ಉಪಾಯ. ಆದರೆ ಆ ಹಂಗಾಮಿನಲ್ಲೇ ಎಕರೆವಾರು ಟನ್ನೇಜ್ ನಕ್ಷೆಯ ಮೇಲೆ ಬಂತು. ಒಂದು ಹೊಲದಲ್ಲಿ ಎಕರೆಗೆ ನಂಬಲಾಗದಷ್ಟು ಕಬ್ಬು ಬಂದಿದ್ದರೆ ಅದರ ಸ್ಲಿಪ್ಪಿನಲ್ಲಿ ಪಕ್ಕದವರ ಕಬ್ಬೂ ಬಂದಿದೆ, ಇಲ್ಲ ಕ್ಷೇತ್ರ ಕಡಿಮೆ ಬರೆಸಿದ್ದಾರೆ. ಕಾಲುವೆಯ ಕೆಳಗಿನ ಪಟ್ಟಿಯಲ್ಲಿ ಟನ್ನೇಜ್ ಸಾಲಾಗಿ ಬಿದ್ದಿತ್ತು. ಹೋಗಿ ನೋಡಿದರೆ ಸವಳು-ಜವಳು, ನೀರು ನಿಂತು ಉಪ್ಪೇರಿದ ನೆಲ. ಕೇನ್ ಡೆವಲಪ್‌ಮೆಂಟಿನವರು ಬಸಿಗಾಲುವೆ ಮಾತು ಎತ್ತಲು ಮೊದಲ ಸಲ ಒಂದು ಕಾಗದ ಸಿಕ್ಕಿತು.

ಫೀಲ್ಡ್‌ಮನ್‌ಗಳು ನಕ್ಷೆ ಕೇಳಿಕೊಂಡು ಬರಲು ಕಾರಣ ಮಾತ್ರ ಪಾಳಿ. ನಾಟಿ ತಾರೀಖಿನ ಪ್ರಕಾರ ಕಟಾವಿನ ಪಟ್ಟಿ, ಜೊತೆಗೆ ಎ4 ಹಾಳೆಯಲ್ಲಿ ಊರಿನ ನಕ್ಷೆ ಪ್ರಿಂಟ್ ಹಾಕಿ ವಿಭಾಗದ ಆಫೀಸಿನ ಗೋಡೆಗೆ ಹಚ್ಚಿದೆವು. "ನನ್ನ ಕಬ್ಬು ಯಾಕ ಹಿಂದ ಹೋತು" ಅಂತ ಬಂದವರಿಗೆ ಫೀಲ್ಡ್‌ಮನ್ ಬೆರಳಿಟ್ಟು ತೋರಿಸುತ್ತಾನೆ, ಬೈಸಿಕೊಳ್ಳುವುದು ಅರ್ಧ ಕಡಿಮೆಯಾಯಿತು. ಮೊದಲು ಗಡಿ ನಡೆಯಿರಿ ಅಂದರೆ ಮುಖ ತಿರುವುತ್ತಿದ್ದ ಕಾಕಾ ಈಗ, ಅರ್ಧ ಹೊಲಕ್ಕೆ ಯಾರಾದರೂ ಉಳ್ಳಾಗಡ್ಡಿ ಹಾಕಿದರೆ ಅವರೇ ಫೋನ್ ಮಾಡಿ "ಗಡಿ ತಿದ್ದೇನ್ರಿ, ಸಿಂಕ್ ಆಗೇತೇನ ನೋಡ್ರಿ" ಅನ್ನುತ್ತಾರೆ.

ಚೇಂಬರಿನ ಟಿವಿ ಈಗಲೂ ಇದೆ. ಈ ಸಲ ಎಐ ಹಾಕಿ ಸ್ಯಾಟಲೈಟ್‌ನಿಂದಲೇ ಹೊಲದ ಗಡಿ ಎಳೆಸೋಣ, ನಡೆಯುವುದೇ ಬೇಡ ಅಂತ ಒಂದು ಪ್ರಸ್ತಾವ ಬಂದಿದೆ, ಡೆಮೊ ಚೆನ್ನಾಗಿತ್ತು ಅಂತೆ. ಬದುವಿಲ್ಲದೆ ಒತ್ತಾಗಿ ನಿಂತ ಅಣ್ಣ-ತಮ್ಮಂದಿರ ಎರಡು ಕಬ್ಬನ್ನು ಅದು ಹೇಗೆ ಬಿಡಿಸುತ್ತದೆ ಅಂತ ಕೇಳಿ ನಾನು ಒಂದು ಟಿಪ್ಪಣಿ ಬರೆದೆ, ಅದರ ಜೊತೆಗೇ ಫೀಲ್ಡ್‌ಮನ್‌ಗಳ ಪೆಟ್ರೋಲ್ ಭತ್ಯೆ ಹೆಚ್ಚಿಸುವ ಫೈಲನ್ನೂ ಕಳಿಸಿದೆ. ಎಐ ಪ್ರಸ್ತಾವ ಬೋರ್ಡಿಗೆ ಹೋಯಿತು. ಪೆಟ್ರೋಲ್ ಫೈಲ್ ಅಕೌಂಟ್ಸ್‌ನಿಂದ ವಾಪಸು ಬಂತು, ಮೇಲೆ ಕೆಂಪು ಶಾಯಿಯಲ್ಲಿ ಷರಾ: "ಹೊಲದ ಸುತ್ತ ನಡೆಯುವ ಕೆಲಸಕ್ಕೆ ಪೆಟ್ರೋಲ್ ಏಕೆ? ಸಮಜಾಯಿಷಿ ನೀಡುವುದು."