‘ಅಷ್ಟು ಸ್ಪೀಡಾಗಿ ಹೇಗೆ ಮಾತಾಡಿಸಿದ್ರಿ?’

ನಮ್ಮ ಡಿಪ್ಲೊಮಾ ಕಿರುಚಿತ್ರ ನೋಡಿದವರೆಲ್ಲ ಕೇಳುವುದು ಇದನ್ನೇ. ಎಡಿಟಿಂಗ್‌ನಲ್ಲಿ ಓಡಿಸಿದಿರಾ ಅಂತ ಕೆಲವರು, ನಾಟಕದವರು ಸಿಕ್ಕಿದ್ದಕ್ಕೆ ಆಯ್ತು ಬಿಡಿ ಅಂತ ಇನ್ನು ಕೆಲವರು. ಕಲಾವಿದರಿಬ್ಬರೂ ನಿಜಕ್ಕೂ ಗಟ್ಟಿಗರು. ಆದರೆ ಆ ವೇಗ ಬಂದದ್ದು ಬರವಣಿಗೆಯಿಂದ. ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಎಲ್ಲಿ ಕೂರುತ್ತದೆ ಎನ್ನುವ ಒಂದೇ ವಿಷಯದ ಮೇಲೆ ನಾವು ಎರಡು ತಿಂಗಳು ಕೆಲಸ ಮಾಡಿದೆವು.

ನೋಡದವರಿಗೆ ಕಥೆ ಇಷ್ಟು. ಒಪ್ಪಿಗೆಯ ವಿಚ್ಛೇದನಕ್ಕೆ ಅರ್ಜಿ ಹಾಕಿದ ಗಂಡ-ಹೆಂಡತಿ ಬೆಂಗಳೂರಿನ ಬಾಡಿಗೆ ಮನೆ ಖಾಲಿ ಮಾಡಲು ಬಂದಿದ್ದಾರೆ. ಅಡ್ವಾನ್ಸ್ ವಾಪಸ್ ಆಗಬೇಕು. ಓನರ್ ಆಂಟಿಗೆ ವಿಷಯ ಗೊತ್ತಿಲ್ಲ. ‘ಎಷ್ಟು ಚೆನ್ನಾಗಿ ಬಾಳಿದ್ರಪ್ಪಾ ಈ ಮನೇಲಿ’ ಅಂತ ಖುಷಿಯಲ್ಲಿ ಪೇಂಟಿಂಗ್ ದುಡ್ಡು ಹಿಡಿಯುವುದಿಲ್ಲ ಎಂದುಬಿಟ್ಟಿದ್ದಾರೆ. ಹಾಗಾಗಿ ಆಂಟಿ ಇರುವಷ್ಟು ಹೊತ್ತು ಇಬ್ಬರೂ ಸುಖ ಸಂಸಾರ ನಟಿಸಬೇಕು. ಆಂಟಿ ಆಚೆ ಹೋದ ಕ್ಷಣ ಜಗಳ.

ಇದರ ಬೇರು 1930ರ ದಶಕದ ಹಾಲಿವುಡ್‌ನ ಸ್ಕ್ರೂಬಾಲ್ ಕಾಮಿಡಿಗಳಲ್ಲಿದೆ, ಅಂದರೆ ಗಂಡು-ಹೆಣ್ಣಿನ ಚುರುಕು ಮಾತಿನ ಜಟಾಪಟಿಯ ಹಾಸ್ಯಚಿತ್ರಗಳಲ್ಲಿ. ಸ್ಕ್ರೂಬಾಲ್ ಅಂದರೆ ಬೇಸ್‌ಬಾಲ್‌ನಲ್ಲಿ ನಾವಂದುಕೊಂಡದ್ದಕ್ಕೆ ಎದುರು ದಿಕ್ಕಿಗೆ ತಿರುಗುವ ಎಸೆತ. ಕ್ರಿಕೆಟ್‌ನವರಿಗೆ ಗೂಗ್ಲಿ ಅಂದರೆ ತಿಳಿಯುತ್ತದೆ. ಲಿಯೋ ಮೆಕ್ಯಾರಿ ನಿರ್ದೇಶಿಸಿದ 1937ರ ‘ದಿ ಆಫುಲ್ ಟ್ರೂತ್’ನಲ್ಲಿ ಐರೀನ್ ಡನ್, ಕ್ಯಾರಿ ಗ್ರಾಂಟ್ ಜೋಡಿಯ ವಿಚ್ಛೇದನ ಊರ್ಜಿತವಾಗುವುದಕ್ಕೆ 90 ದಿನ ಕಾಯಬೇಕು. ಆ ತೊಂಬತ್ತು ದಿನವೇ ಸಿನಿಮಾ. ನಮ್ಮ ಹಿಂದೂ ವಿವಾಹ ಕಾಯ್ದೆಯ 13-ಬಿ ಕಲಮಿನಲ್ಲೂ ಆರು ತಿಂಗಳು ಕಾಯುವ ಮಾತಿದೆ ಎಂದು ಓದಿದ ದಿನ ನನಗೆ ಕಥೆ ಸಿಕ್ಕಿತು.

ಮಾತಿನ ವೇಗಕ್ಕೆ ಗುರು ಮಾತ್ರ ಇನ್ನೊಬ್ಬ ಹಾಲಿವುಡ್ ನಿರ್ದೇಶಕ ಹೊವಾರ್ಡ್ ಹಾಕ್ಸ್. 1940ರ ‘ಹಿಸ್ ಗರ್ಲ್ ಫ್ರೈಡೇ’ಯಲ್ಲಿ ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಮಾತು ಮೇಲೆ ಬೀಳುತ್ತದೆ. ಆದರೂ ಏನೂ ತಪ್ಪಿಹೋಗುವುದಿಲ್ಲ. ಹಾಕ್ಸ್ ಮಾಡಿದ ಉಪಾಯ ಸರಳ: ವಾಕ್ಯದ ತಲೆಗೂ ಬಾಲಕ್ಕೂ ಕೇಳಿಸದಿದ್ದರೂ ನಡೆಯುವ ಪದಗಳನ್ನು ಸೇರಿಸಿ, ಹುರುಳನ್ನು ನಡುವೆ ಇಡುವುದು. ಎದುರಿನವರು ಬಾಲದ ಮೇಲೆ ಮಾತು ಶುರುಮಾಡುತ್ತಾರೆ.

ನಾವು ಅದನ್ನೇ ಕನ್ನಡದಲ್ಲಿ ಮಾಡಲು ಹೋದೆವು, ಆಗಲಿಲ್ಲ. “ನಾನು ನಾಳೆ ನಿಮ್ಮಕ್ಕನ ಮನೆಗೆ ಬರಲ್ಲ” ಎನ್ನುವಾಗ ಕೊನೆಯ ಪದದ ಮೇಲೆ ಇನ್ನೊಂದು ಮಾತು ಬಿದ್ದರೆ ಬರ್ತಾಳೋ ಬರಲ್ಲವೋ ಅನ್ನುವುದೇ ತಿಳಿಯದು. ನಮ್ಮಲ್ಲಿ ಹೌದು-ಅಲ್ಲಗಳ ತೀರ್ಮಾನ ಆಗುವುದು ವಾಕ್ಯದ ಕೊನೆಯಲ್ಲಿ. ಮೊದಲ ರಿಹರ್ಸಲ್‌ಗಳಲ್ಲಿ ಕಲಾವಿದರು ಆ ಕೊನೆಯನ್ನು ಉಳಿಸಿಕೊಳ್ಳಲು ಕಿರುಚತೊಡಗಿದರು. ಕೇಳುವುದಕ್ಕೇ ಸುಸ್ತಾಗುತ್ತಿತ್ತು.

ಉತ್ತರ ಸಿಕ್ಕಿದ್ದು ನಮ್ಮ ಮನೆಯಲ್ಲೇ. ಒಂದು ಬೆಳಿಗ್ಗೆ ಅಮ್ಮ, “ಎಲ್ಲಿಟ್ಟಿದೀರಿ ಗ್ಯಾಸ್ ಪುಸ್ತಕಾನ?” ಅಂದರು. ಅಪ್ಪ ಆ ‘ಗ್ಯಾಸ್’ ಮೇಲೇ, “ಮುಟ್ಟೇ ಇಲ್ಲ ಕಣೇ ನಾನು ಅದನ್ನ” ಅಂದರು. ಸಿಟ್ಟು ಬಂದಾಗ, ಅವಸರವಾದಾಗ ನಾವೆಲ್ಲ ಕ್ರಿಯಾಪದವನ್ನು ಮುಂದಕ್ಕೆ ಎಳೆದುಕೊಳ್ಳುತ್ತೇವೆ. ಹೇಳಬೇಕಾದ್ದು ಮೊದಲೇ ಹೇಳಿ ಆಗಿರುತ್ತದೆ, ಉಳಿದದ್ದು ಬಾಲ. ಅವತ್ತು ಸಂಜೆಯೇ ಕೂತು ಜಗಳದ ಮಾತುಗಳನ್ನೆಲ್ಲ ತಿರುವಿ ಬರೆದೆ. “ಬರಲ್ಲ ನಾನು, ನಿಮ್ಮಕ್ಕನ ಮನೆಗಂತೂ.” ಆಮೇಲೆ ‘ಕಣೋ’, ‘ಅಂತೀನಿ’, ‘ಗೊತ್ತಾಯ್ತಾ’ಗಳನ್ನು ತುದಿಗೆ ಸೇರಿಸಿದೆ. ಎದುರಿನವರು ಯಾವ ಪದ ಕೇಳಿದೊಡನೆ ಶುರುಮಾಡಬೇಕೋ ಅದರ ಕೆಳಗೆ ಗೆರೆ. ಪುಟಕ್ಕೆ ಒಂದು ನಿಮಿಷ ಎನ್ನುವುದು ಚಿತ್ರಕಥೆಯ ರೂಢಿಯ ಲೆಕ್ಕ. ನಮ್ಮದು 17 ಪುಟ, 11 ನಿಮಿಷ.

ಇಲ್ಲೊಂದು ಲಾಭ ನಾನು ಎಣಿಸದೇ ಬಂತು. ಆಂಟಿಯ ಮುಂದೆ ನಟಿಸುವಾಗ ಇಬ್ಬರೂ ಮರ್ಯಾದೆಯ, ಕ್ರಿಯಾಪದ ಕೊನೆಗಿರುವ ಪೂರ್ತಿ ವಾಕ್ಯ ಆಡುತ್ತಾರೆ: “ಆಂಟಿ, ಹೋದ ವಾರಾನೇ ಸ್ವಿಚ್ ಬೋರ್ಡ್ ಸರಿ ಮಾಡಿಸಿದೀವಿ.” ಆಂಟಿ ಬಾಲ್ಕನಿಗೆ ಹೋದರೆ ಮಾತು ತಲೆಕೆಳಗು. ಯಾವಾಗ ಸುಳ್ಳು, ಯಾವಾಗ ನಿಜ ಎನ್ನುವುದು ಪದಗಳ ಸಾಲಿನಲ್ಲೇ ಕೇಳುತ್ತದೆ.

ಚಿತ್ರೀಕರಣದ ಬಗ್ಗೆ ಎರಡು ಮಾತು, ಏಕೆಂದರೆ ಕೇಳುವವರಲ್ಲಿ ವಿದ್ಯಾರ್ಥಿಗಳೇ ಹೆಚ್ಚು. ಒಬ್ಬರ ಮೇಲೊಬ್ಬರು ಮಾತಾಡುವ ದೃಶ್ಯವನ್ನು ಇಬ್ಬರೂ ಒಂದೇ ಫ್ರೇಮಿನಲ್ಲಿರುವಂತೆ, ಉದ್ದದ ಟೇಕ್‌ಗಳಲ್ಲೇ ತೆಗೆಯಿರಿ. ಮಾತು ಹೆಣೆದುಕೊಂಡ ಮೇಲೆ ಒಂದು ಟೇಕ್‌ನ ಧ್ವನಿಯನ್ನು ಇನ್ನೊಂದಕ್ಕೆ ಕತ್ತರಿಸಿ ಜೋಡಿಸುವುದು ಬಹಳ ಕಷ್ಟ. ಕ್ಲೋಸಪ್ ಬೇಕೇ ಬೇಕೆಂದರೆ ಅಲ್ಲಿ ನಡುವೆ ಸಂದು ಬಿಟ್ಟು ಮಾತಾಡಿಸಿ, ಎಡಿಟಿಂಗ್‌ನಲ್ಲಿ ಒಂದರ ಮೇಲೊಂದು ಎಳೆಯಿರಿ. ಇಬ್ಬರಿಗೂ ಬೇರೆ ಬೇರೆ ಲೇಪಲ್ ಮೈಕ್, ಬೇರೆ ಬೇರೆ ಟ್ರ್ಯಾಕ್. ಒಂಬತ್ತು ದಿನ ರಿಹರ್ಸಲ್, ಎರಡು ದಿನ ಶೂಟಿಂಗ್ ಅಂತ ಇಟ್ಟುಕೊಂಡೆವು. ರಿಹರ್ಸಲ್ಲಿನಲ್ಲಿ ಪಾತ್ರೆ ಕಟ್ಟುತ್ತಲೋ ಬೆಡ್‌ಶೀಟ್ ಮಡಚುತ್ತಲೋ ಮಾತಾಡಿಸಿದೆ. ಕೈಗೆ ಕೆಲಸವಿದ್ದರೆ ಮಾತು ತಾನಾಗಿ ಹಗುರಾಗುತ್ತದೆ.

ಮೊದಲ ಕರಡಿನಲ್ಲಿ ಹೆಂಡತಿ ಬರೀ ಉತ್ತರ ಕೊಡುವವಳಾಗಿದ್ದಳು. ಹಾಕ್ಸ್ ತಮ್ಮ ಚಿತ್ರಕ್ಕೆ ಆಧಾರವಾದ ನಾಟಕದಲ್ಲಿ ಗಂಡಸಾಗಿದ್ದ ವರದಿಗಾರನ ಪಾತ್ರವನ್ನು ಹೆಣ್ಣಾಗಿಸಿದ್ದರು. ಅದು ನೆನಪಾಗಿ ಗಂಡನ ಯೋಜನೆಗಳನ್ನೆಲ್ಲ ಅವಳಿಗೆ ವರ್ಗಾಯಿಸಿದೆ. ಆ ಒಂದು ಬದಲಾವಣೆಯಿಂದ ಚಿತ್ರಕ್ಕೆ ಜೀವ ಬಂತು.

ಕೊನೆಯ ದೃಶ್ಯದಲ್ಲಿ ಆಂಟಿ ಚೆಕ್ ಕೊಟ್ಟು, “ಇನ್ನು ಇಬ್ರೂ ಯಾವ ಕಡೆ ಹೋಗ್ತೀರಮ್ಮ?” ಎನ್ನುತ್ತಾರೆ. ನಾನು ಬರೆದಿದ್ದ ಉತ್ತರ, “ಆಂಟಿ, ನಮಗಿನ್ನೂ ಗೊತ್ತಿಲ್ಲ.” ನಾಲ್ಕನೇ ಟೇಕ್‌ನಲ್ಲಿ ನಮ್ಮ ನಟಿ ಗಂಡನ ಕಡೆ ಒಮ್ಮೆ ನೋಡಿ ಅಂದದ್ದು: “ಗೊತ್ತಿಲ್ಲ ಆಂಟಿ, ನಮಗಿನ್ನೂ.” ನಾನು ಕಟ್ ಹೇಳುವುದನ್ನು ಮರೆತು ನಿಂತಿದ್ದೆ. ಚಿತ್ರದಲ್ಲಿರುವುದು ಅದೇ ಟೇಕ್.